ಮತ್ತೆ ಟ್ರ್ಯಾಕಿಗೆ ಇಳಿಸಿದವರಿಗೆ

ಪಾದದ ಗಂಟು ಮುರಿದುಕೊಂಡ ಮೇಲೆ ಮೊದಲ ಸಲ ರೋಲರ್ ಡರ್ಬಿಯ, ಅಂದರೆ ಸ್ಕೇಟ್ ತೊಟ್ಟು ಟ್ರ್ಯಾಕ್ ಸುತ್ತುವ ನಮ್ಮ ಆಟದ, ಪೂರ್ತಿ ಪಂದ್ಯ ಆಡಿದೆ. 30 ನಿಮಿಷದ ಎರಡು ಅವಧಿಗಳು, ಎರಡರಲ್ಲೂ ಇದ್ದೆ. ಸೋತೆವು, ಅದೂ ಸಣ್ಣ ಅಂತರದಲ್ಲೇನಲ್ಲ. ಆದರೂ ಖುಷಿ ಇಳಿದಿಲ್ಲ.

ಮೊದಲ ವಂದನೆ ಸ್ಕೇಟ್ ತೊಡದೆ ಪಂದ್ಯ ನಡೆಸುವ ಅಫಿಷಿಯಲ್‌ಗಳಿಗೆ. ರೋಲರ್ ಡರ್ಬಿ ನೋಡಲು ಬಂದವರ ಕಣ್ಣೆಲ್ಲ ಹೆಲ್ಮೆಟ್ ಮೇಲೆ ನಕ್ಷತ್ರವಿರುವ, ಅಂಕ ಗಳಿಸುವ ಜ್ಯಾಮರ್ ಹಿಂದೆಯೇ ಓಡುತ್ತದೆ. ಪೆನಾಲ್ಟಿ ಬಾಕ್ಸ್ ಪಕ್ಕ ಸ್ಟಾಪ್‌ವಾಚ್ ಹಿಡಿದು ನಿಂತವರು ಯಾರಿಗೂ ಕಾಣುವುದಿಲ್ಲ. ಮನೆಯಲ್ಲಿ ಕೊರಗುತ್ತ ಕೂತಿದ್ದ ನನ್ನನ್ನು ಕರೆಸಿ ಕೈಗೆ ಸ್ಟಾಪ್‌ವಾಚ್ ಕೊಟ್ಟವರು ಇವರೇ. ಪೆನಾಲ್ಟಿ ಬಿದ್ದವಳನ್ನು 30 ಸೆಕೆಂಡು ಕೂರಿಸುವುದು, ಕೊನೆಯ 10 ಸೆಕೆಂಡಿಗೆ ಎದ್ದು ನಿಲ್ಲಿಸುವುದು, ಇಷ್ಟೇ ಕೆಲಸ. ಅಲ್ಲಿಂದ ನೋಡಿದರೆ ಆಟವೇ ಬೇರೆ!

ಆಟ ನಡೆಯುವುದು ಜ್ಯಾಮ್ ಎಂಬ ಚಿಕ್ಕ ಚಿಕ್ಕ ತುಣುಕುಗಳಲ್ಲಿ; ಒಂದು ಜ್ಯಾಮ್ ಹೆಚ್ಚೆಂದರೆ 2 ನಿಮಿಷ. ತಂಡಕ್ಕೆ ಒಬ್ಬ ಜ್ಯಾಮರ್, ಎದುರಾಳಿ ಜ್ಯಾಮರ್‌ಳನ್ನು ತಡೆಯುವ ನಾಲ್ವರು ಬ್ಲಾಕರ್‌ಗಳು. ಜ್ಯಾಮರ್ ಮೊದಲ ಸಲ ಪ್ಯಾಕ್, ಅಂದರೆ ಎರಡೂ ತಂಡಗಳ ಬ್ಲಾಕರ್‌ಗಳ ಗುಂಪು, ದಾಟಿದರೆ ಅಂಕವಿಲ್ಲ. ಆಮೇಲಿನ ಪ್ರತಿ ಸುತ್ತಿನಲ್ಲಿ ನಿಯಮ ಮೀರದೆ ದಾಟಿದ ಒಬ್ಬೊಬ್ಬ ಎದುರಾಳಿ ಬ್ಲಾಕರ್‌ಗೆ ಒಂದೊಂದು ಅಂಕ. ವೇಗ ಇದ್ದವಳೇ ಗೆಲ್ಲುತ್ತಾಳೆ ಎಂದು ಹೊಸಬರು ಅಂದುಕೊಳ್ಳುತ್ತಾರೆ. ನನ್ನ ಕಣ್ಣು ಮಾತ್ರ ಬ್ಲಾಕರ್‌ಗಳ ಮೇಲೇ ನೆಟ್ಟಿತ್ತು. ಜ್ಯಾಮರ್‌ಳನ್ನು ಗೆರೆಯಾಚೆ ತಳ್ಳಿದವಳು ತಕ್ಷಣ ಹಿಂದಕ್ಕೆ ಸರಿಯುತ್ತಾಳೆ, ಏಕೆಂದರೆ ಬಿದ್ದವಳು ತಳ್ಳಿದವಳ ಹಿಂದಿನಿಂದಲೇ ಒಳಗೆ ಬರಬೇಕು. ಎಷ್ಟು ಹಿಂದೆ ಸರಿದರೆ ಅಷ್ಟು ಲಾಭ, ತೀರಾ ಸರಿದರೆ ಪ್ಯಾಕ್ ಒಡೆಯುತ್ತದೆ. ಆ ಲೆಕ್ಕಾಚಾರ ನನಗೆ ಹತ್ತಿದ್ದೇ ಸ್ಟಾಪ್‌ವಾಚ್ ಹಿಡಿದು ನಿಂತಾಗ.

ಫಿಸಿಯೋಥೆರಪಿಸ್ಟ್‌ಗೆ ದೊಡ್ಡ ನಮಸ್ಕಾರ. ನನ್ನ ಜಾಗ ತುಂಬಿ, ನಾನು ಬಂದಾಗ ಮರುಮಾತಿಲ್ಲದೆ ಬಿಟ್ಟುಕೊಟ್ಟ ಗೆಳತಿಗೂ.

ಎದುರಾಳಿ ತಂಡದ ಆ ಬ್ಲಾಕರ್‌ಗೂ ಹೇಳಲೇಬೇಕು. ಮೊಣಕೈ ತಾಗಿಸಲಿಲ್ಲ, ಬೆನ್ನಿಗೆ ಬರಲಿಲ್ಲ, ಸೊಂಟದಿಂದ ಒಂದೇ ಏಟು, ನಾನು ನೆಲದ ಮೇಲೆ. ವಾಪಸ್ ಬಂದವಳು ಎಂದು ಕರುಣೆ ತೋರಿಸಿದ್ದರೆ ಬೇಜಾರಾಗುತ್ತಿತ್ತು.

2000ದ ದಶಕದ ಆರಂಭದಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಹೆಂಗಸರು ಈ ಆಟಕ್ಕೆ ಮರುಜೀವ ಕೊಟ್ಟಾಗಿನಿಂದಲೂ ಆಡುವವರೇ ಸಂಘ ನಡೆಸುವುದು ರೂಢಿ. ಅಂದರೆ ಪಂದ್ಯಕ್ಕೆ ಮುಂಚೆ ಹಗ್ಗ ಹಾಸಿ, ಅದರ ಮೇಲೆ ಟೇಪ್ ಅಂಟಿಸಿ ಟ್ರ್ಯಾಕ್ ಮಾಡುವವರೂ ನಾವೇ. ಈ ಸಲ ನನ್ನನ್ನು ಬಗ್ಗಲು ಬಿಡದೆ ಅಷ್ಟನ್ನೂ ಮಾಡಿದವರಿಗೆ ಋಣಿ.

ಮೊಣಕಾಲಿನ ಪ್ಯಾಡ್ ಕೊಟ್ಟವಳೇ, ತೊಳೆದೇ ಕೊಡುತ್ತೇನೆ. ವಾಸನೆ ಹೋಗುತ್ತದೆ ಎಂಬ ಗ್ಯಾರಂಟಿ ಮಾತ್ರ ಕೇಳಬೇಡ.