ಹಲ್ಲುಪೇಸ್ಟ್ ಹಚ್ಚಿದ ಬ್ರೆಡ್ಡು

ಪ್ರಾಗ್, ಭಾನುವಾರ

ಅವ್ವಗ ನಿನ್ನ ಮಗಳು ಮಾಡೂ ನಮಸ್ಕಾರ. ನಾ ಆರಾಮ ಅದೀನಿ. ಅಪ್ಪನ ಮಣಕಾಲ ಬ್ಯಾನಿ ಹೆಂಗೈತಿ?

ಮೊನ್ನೆ ಫೋನಿನ್ಯಾಗ ಸಿನಿಮಾದ ಕತಿ ಹೇಳಾಕ ಹತ್ತಿದ್ರ, "ಇಂಥಾ ಹುಚ್ಚಾಟ ನೋಡಾಕ ಅಷ್ಟ ದೂರ ಹೋಗಿಯೇನ?" ಅಂದಿ. ಅದಕ್ಕ ಈ ಪತ್ರ. ತಮ್ಮನ ಕಡೆ ಓದಸು, ನಡುವ ಹಾರಸಬ್ಯಾಡ ಅಂತ ಹೇಳು.

ಆ ಸಿನಿಮಾ ಮಾಡಿದಾಂವ ಯಾನ್ ಶ್ವಾಂಕ್‌ಮಾಯರ್. 1934ರಾಗ ಇದ ಊರಾಗ ಹುಟ್ಟಿ, ಗೊಂಬಿಯಾಟ ಕಲತಾಂವ. ಸಾಮಾನು ಚೂರುಚೂರ ಸರಸೂದು, ಫೋಟೊ ತಗಿಯೂದು, ಮತ್ತ ಸರಸೂದು. ಪರದೆ ಮ್ಯಾಲ ಸೆಕೆಂಡಿಗೆ 24 ಚಿತ್ರ ಓಡಿದ್ರ ಸತ್ತ ಸಾಮಾನಿಗೆ ಜೀವ ಬರತೈತಿ. ನಾ ನೋಡಿದ್ದು 1982ರ "ಡೈಮೆನ್ಶನ್ಸ್ ಆಫ್ ಡೈಲಾಗ್", ಅಂದ್ರ ಮಾತುಕತಿಯ ಆಯಾಮಗಳು, ಬರೇ 12 ನಿಮಿಷದ್ದು. ಮರುವರ್ಷ ಬರ್ಲಿನ್ ಸಿನಿಮಾ ಉತ್ಸವದಾಗ ಸಣ್ಣ ಸಿನಿಮಾಕ್ಕ ಕೊಡೂ ಬಂಗಾರದ ಕರಡಿ ಬಹುಮಾನ ಬಂದೈತಿ ಅದಕ್ಕ.

ಮೊದಲಿಗೆ ಕಾಯಿಪಲ್ಲೆ ಕೂಡಿಸಿ ಮಾಡಿದ್ದೊಂದು ತಲಿ, ಅಡಗಿಮನಿ ಸಾಮಾನಿಂದೊಂದು. ಒಂದನ್ನೊಂದು ನುಂಗತಾವ, ಅರದು ಉಗುಳತಾವ. ಉಗುಳಿ ಉಗುಳಿ ನುಣ್ಣಗಾಗಿ, ಕಡಿಗೆ ಎಲ್ಲಾ ಒಂದ ನಮೂನಿ ಮಣ್ಣಿನ ತಲಿ. ತಲಿ ಹಿಂಗ ಕಟ್ಟೂದು ಈ ಊರಿಗೆ ಹೊಸಾದಲ್ಲ. ನಾನೂರು ವರ್ಷದ ಹಿಂದ ಇಲ್ಲಿ ರುಡಾಲ್ಫ್ ಅಂತ ಚಕ್ರವರ್ತಿ ಇದ್ದ. ಅರ್ಚಿಂಬೋಲ್ಡೋ ಅನ್ನೂ ಚಿತ್ರಗಾರ ಅವನ ಮಾರಿನ ಹಣ್ಣುಹಂಪಲದಾಗ ಬರದಾನ. ಗಲ್ಲ ಸೇಬು, ಕಿವಿ ನಮ್ಮ ಗೋವಿನಜೋಳದ ತೆನಿ! ಹಾವೇರಿ ಸಂತಿಗೆ ಹೋದ್ರ ಅಂಥಾ ರಾಜರು ಹತ್ತು ಮಂದಿ ಸಿಗತಾರ.

ಎರಡನೇ ಭಾಗ ನಿನಗ ಹೇಳೂವಂಥಾದ್ದಲ್ಲ, ಬಿಡು.

ಮೂರನೇದು ಕೇಳು. ಮೇಜಿನ ಮ್ಯಾಲ ಎರಡು ಮಣ್ಣಿನ ತಲಿ. ಒಂದು ಬಾಯಾಗಿಂದ ಬ್ರಷ್ ತಗದ್ರ ಇನ್ನೊಂದು ಪೇಸ್ಟ್ ಹಿಂಡತೈತಿ. ಬ್ರೆಡ್ಡಿಗೆ ಬೆಣ್ಣಿ, ಬೂಟಿಗೆ ಲೇಸು, ಪೆನ್ಸಿಲ್ಲಿಗೆ ಶಾರ್ಪನರ್. ಎಷ್ಟ ಚಂದ ಹೊಂದಾಣಿಕಿ ಅನ್ನೂದರಾಗ ತಾಳ ತಪ್ಪತೈತಿ. ಬ್ರೆಡ್ಡಿಗೆ ಪೇಸ್ಟು, ಬೂಟಿಗೆ ಬೆಣ್ಣಿ. ಕಡಿಗೆ ಎರಡೂ ತಲಿ ಬಿರಕ ಬಿಟ್ಟು, ನಾಲಗಿ ಹೊರಗ ಹಾಕಿ ತೇಕತಾವ. ನೀ "ಹೊಲದ ಕಡೆ ಹೋಗಿಬರ್ರಿ" ಅಂದ್ರ ಅಪ್ಪ "ಚಾ ಎಲ್ಲೈತಿ?" ಅಂತಾನಲಾ, ಅದ ಇದು. ನಾ ಒಬ್ಬಾಕೀನ ಜೋರ ನಕ್ಕೆ. ಬಾಜೂದಾಕಿ ತಿರುಗಿ ನೋಡಿದಳು.

1970ರ ದಶಕದಾಗ ಕೆಲವು ವರ್ಷ ಶ್ವಾಂಕ್‌ಮಾಯರಗ ಸಿನಿಮಾ ಮಾಡಾಕ ಸರಕಾರ ಬಿಡಲಿಲ್ಲಂತ. ಸುಮ್ಮ ಕೂಡಲಿಲ್ಲ ಅಂವ, ಕೈಲೆ ಮುಟ್ಟಿ ತಿಳಕೊಳ್ಳೂ ಕಲಾ ಮಾಡಾಕ ಹತ್ತಿದ. ಇದನ್ನ ಓದಿದಾಗ ಕರೆಂಟ್ ಹೋದ ರಾತ್ರಿ ನೆನಪಾದ್ವು. ಕತ್ತಲಾಗ ಡಬ್ಬಿಗೆ ಕೈ ಹಾಕಿ "ಇದು ತೊಗರಿ, ಇದು ಕಡ್ಲಿ" ಅಂತಿದ್ದಿ. ಎಂದೂ ತಪ್ಪತಿರಲಿಲ್ಲ. ಅವನ ಸಿನಿಮಾನೂ ಹಂಗ ಅವ್ವಾ, ನೋಡಿದ್ರ ಬೆರಳಿಗೆ ತಾಕಿದಂಗ ಆಗತೈತಿ: ಹಸಿ ಮಣ್ಣು, ಬೆಣ್ಣಿ ಜಿಡ್ಡು, ಹಳೇ ಚರ್ಮ. ಬಣ್ಣಕ್ಕಿಂತ ಅದ ನನ್ನ ಹಿಡದ ಕುಂದರಸಿದ್ದು.

ಮಣ್ಣೆತ್ತಿನ ಅಮಾಸಿಗೆ ಈ ಸಲ ಎತ್ತು ಮಾಡಿದ ಮ್ಯಾಲ ಒಂದು ಫೋಟೊ ಕಳಸು. ಜೋಳದ ಕಾಳು, ಬಣ್ಣ ಏನೂ ಹಚ್ಚೂಕಿಂತ ಮೊದಲ ತಗೀಬೇಕು. ಡುಬ್ಬದ ಮ್ಯಾಲ ನಿನ್ನ ಹೆಬ್ಬೆಟ್ಟಿನ ಗುರುತು ಕಾಣಬೇಕು ನಂಗ. ತಮ್ಮ ಸವರಿ ನುಣ್ಣಗ ಮಾಡಾಕ ಬರ್ತಾನ, ಬಿಡಬ್ಯಾಡ.

ನಿನ್ನ ಮಗಳು