ಸಡಿಲವಾದ ಹಲ್ಲಿನ ಸೆಟ್ ಸರಿಪಡಿಸುವ ದರದ ಬಗ್ಗೆ ನಮ್ಮ ಗ್ರಾಹಕರಿಗೆ

ಮಾನ್ಯರೇ, ನಮಸ್ಕಾರ.

ಕೊಡಗಿನ ಗೋಣಿಕೊಪ್ಪದ ನಮ್ಮ ದಂತ ಚಿಕಿತ್ಸಾಲಯದಲ್ಲಿ ಕಟ್ಟಿಸಿದ ಹಲ್ಲಿನ ಸೆಟ್ ಸಡಿಲವಾದರೆ, ಎಷ್ಟು ವರ್ಷ ಕಳೆದಿದ್ದರೂ ಹಣ ತೆಗೆದುಕೊಳ್ಳದೆ ಸರಿಮಾಡಿ ಕೊಡುತ್ತಿದ್ದೆವು. ಅಕ್ಟೋಬರ್ 1ರಿಂದ ಈ ಪದ್ಧತಿ ಇರುವುದಿಲ್ಲ. ಹೊಸ ಸೆಟ್ ಕೊಟ್ಟ ದಿನದಿಂದ ಒಂದು ವರ್ಷ ಎಲ್ಲ ತಿದ್ದುಪಡಿಯೂ ಉಚಿತ. ಆಮೇಲೆ ರಿಲೈನಿಂಗ್, ಅಂದರೆ ವಸಡಿನ ಈಗಿನ ಅಳತೆಗೆ ಸರಿಯಾಗಿ ಸೆಟ್ಟಿನ ಒಳಮೈಗೆ ಹೊಸ ಪದರ ಕೊಡುವ ಕೆಲಸಕ್ಕೆ, ಒಂದು ದವಡೆಗೆ 2,500 ರೂಪಾಯಿ. ಹೊಸ ಸೆಟ್ಟಿನ ದರ ಮೊದಲಿನಷ್ಟೇ ಇದೆ. ಬಾಗಿಲಿಗೆ ಅಂಟಿಸಿದ ಚೀಟಿಯಲ್ಲಿ ಇದನ್ನು ಎರಡೇ ಸಾಲಿನಲ್ಲಿ ಬರೆದಿದ್ದೆವು. ಅದರ ಮೇಲೆ ಗೋಣಿಕೊಪ್ಪದ ಸಂತೆಯಲ್ಲಿ ಹುಟ್ಟಿದ ಮಾತು ಎರಡು ಸಾಲಿಗೆ ನಿಂತಿಲ್ಲ. ಹಾಗಾಗಿ ಈ ಪತ್ರ.

ಈ ಮಳೆಯಲ್ಲಿ ಕುಟ್ಟದಿಂದಲೋ ಬಿರುನಾಣಿಯಿಂದಲೋ ಬಸ್ ಹಿಡಿದು ಬಂದು, ಛತ್ರಿ ಮಡಚುವ ಮೊದಲೇ ದರದ ಚೀಟಿ ಕಂಡವರಿಗೆ ಬೇಸರವಾಗಿದೆ. ಆ ಬೇಸರಕ್ಕೆ ಕ್ಷಮೆ ಕೋರುತ್ತೇವೆ. ಕೆಲಸದ ವಿಷಯದಲ್ಲಿ ಮಾತ್ರ ತಲೆ ತಗ್ಗಿಸುವ ಪ್ರಮೇಯ ನಮಗೆ ಬಂದಿಲ್ಲ. ಹಳೆಯ ಜಾಗದ ಕಿರಿದಾದ ಮೆಟ್ಟಿಲು ಹತ್ತಿ ಬಂದವರಿಗೆ ನಾವು ಎಂಥವರೆಂದು ಹೊಸದಾಗಿ ಹೇಳಬೇಕಾಗಿಯೂ ಇಲ್ಲ.

ನೇರವಾಗಿ ಆ ದೂರಿಗೇ ಬರುತ್ತೇವೆ, ಏಕೆಂದರೆ ಮುಖಕ್ಕೆ ಹೇಳಿದವರು ಕೆಲವರಾದರೆ ಬೆನ್ನ ಹಿಂದೆ ಹೇಳಿದವರು ಅನೇಕರು: “ಮೂರು ವರ್ಷಕ್ಕೇ ಕೆಳಗಿನ ಸೆಟ್ ಅಲ್ಲಾಡುತ್ತದೆ. ಕಳಪೆ ಮಾಲು ಹಾಕಿದ್ದಾರೆ. ಈಗ ಅದನ್ನು ಸರಿಮಾಡಲು ನಮ್ಮಿಂದಲೇ ಹಣ ಕೀಳುತ್ತಾರೆ.”

ಸೆಟ್ ಅಲ್ಲಾಡುವುದು ನಿಜ. ಆದರೆ ಸವೆದಿರುವುದು ಬಹುಮಟ್ಟಿಗೆ ನಿಮ್ಮ ದವಡೆ. ಹಲ್ಲಿನ ಬೇರನ್ನು ಹಿಡಿದಿಟ್ಟುಕೊಳ್ಳುವ ಮೂಳೆಯ ಭಾಗ ಅಲ್ಲಿ ಇರುವುದೇ ಹಲ್ಲಿಗಾಗಿ. ಹಲ್ಲು ಕಿತ್ತ ಮೇಲೆ ಅದಕ್ಕೆ ಕೆಲಸವಿಲ್ಲ, ಕರಗಲು ಶುರುವಾಗುತ್ತದೆ. ಮೊದಲ ವರ್ಷ ಬೇಗ ಬೇಗ, ನಂತರ ನಿಧಾನವಾಗಿ, ಆದರೆ ಪೂರ್ತಿ ನಿಲ್ಲುವುದಿಲ್ಲ. ಪೂರ್ಣ ಸೆಟ್ ಹಾಕಿಕೊಂಡವರ ದವಡೆಗಳನ್ನು 25 ವರ್ಷಗಳ ಅವಧಿಯಲ್ಲಿ ಎಕ್ಸ್‌-ರೇ ಮೂಲಕ ಅಳೆದು ನೋಡಿದ ಆಂಟ್ಯೆ ಟಾಲ್‌ಗ್ರೆನ್ ಎಂಬ ಸಂಶೋಧಕಿ 1972ರಲ್ಲಿ ಪ್ರಕಟಿಸಿದ ವರದಿ ದಂತವೈದ್ಯರಿಗೆಲ್ಲ ಗೊತ್ತಿರುವಂಥದ್ದು: ಕೆಳದವಡೆಯ ಮೂಳೆ ಮೇಲ್ದವಡೆಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚು ಕರಗುತ್ತದೆ. ಮೇಲಿನ ಸೆಟ್ ಅಂಗುಳವನ್ನೆಲ್ಲ ಆವರಿಸಿ ಜೊಲ್ಲಿನ ತೆಳು ಪದರದ ಮೇಲೆ ಕಚ್ಚಿಕೊಂಡು ಕೂರುತ್ತದೆ. ಕೆಳಗೆ ಆ ಅನುಕೂಲವಿಲ್ಲ. ನಾಲಿಗೆಗೆ ಜಾಗ ಬಿಡಬೇಕು, ಕೂರಲು ಸಿಗುವುದು ವಸಡಿನ ಕಿರಿದಾದ ಏಣು ಮಾತ್ರ, ಅದೇ ಕರಗುತ್ತಿರುತ್ತದೆ. ಆಗಸ್ಟ್ ತಿಂಗಳಲ್ಲಿ ಮಡಿಕೇರಿ ರಸ್ತೆಯ ಬರೆ, ಅಂದರೆ ಅಂಚಿನ ಮಣ್ಣಿನ ದಿಬ್ಬ, ಕುಸಿದಾಗ ಮೇಲಿನ ಡಾಂಬರು ಹಾಗೇ ಇದ್ದು ಅಡಿಯ ಮಣ್ಣು ಜಾರಿ ಹೋಗಿರುವುದನ್ನು ನಾವೆಲ್ಲ ನೋಡಿದ್ದೇವೆ. ಕೆಳಗಿನ ಸೆಟ್ಟಿನ ಪಾಡು ಅದೇ. ಡಾಂಬರು ಹಾಕಿದವನನ್ನು ಬೈದರೆ ಮಣ್ಣು ಹಿಂದಕ್ಕೆ ಬರುವುದಿಲ್ಲ.

ನಂಬಿಕೆ ಬಾರದವರು ಒಳಗಿನ ಕಪಾಟು ನೋಡಲಿ. ನಿಮ್ಮ ಮೊದಲ ಅಳತೆಯ ಅಚ್ಚುಗಳನ್ನು ಹೆಸರು, ತಾರೀಖು ಬರೆದು ಇಟ್ಟಿದ್ದೇವೆ. ಶನಿವಾರಸಂತೆ ಕಡೆಯಿಂದ ಬರುವ ಒಬ್ಬರು ಅಜ್ಜಿ ಇದೇ ವಿಷಯಕ್ಕೆ ಜಗಳ ತೆಗೆದಾಗ ಹಳೆಯ ಅಚ್ಚನ್ನೂ ಹೊಸದನ್ನೂ ಅಕ್ಕಪಕ್ಕ ಇಟ್ಟೆವು. ಹಳೆಯದರಲ್ಲಿ ಏಣು ಹೆಬ್ಬೆರಳಿಗೆ ತಡೆಯುವಷ್ಟು ಎತ್ತರವಿತ್ತು. ಹೊಸದರಲ್ಲಿ ಬೆರಳು ಸಲೀಸಾಗಿ ಜಾರಿತು. ಅಜ್ಜಿ ಎರಡನ್ನೂ ಮತ್ತೆ ಮತ್ತೆ ಸವರಿ ನೋಡಿ, “ಇದು ನನ್ನದೇ ಹೌದೋ?” ಎಂದು ಕೇಳಿದರು. ನಿಮ್ಮದೇ. ಆಮೇಲೆ ಜಗಳ ಮುಂದುವರಿಯಿತು, ಆದರೆ ಬಸ್ಸಿನ ವಿಷಯಕ್ಕೆ.

ಇನ್ನು “ಒಂದು ಪದರ ಹಚ್ಚಲು ಇಷ್ಟು ಹಣವೇ” ಎನ್ನುವವರಿಗೆ. ಸೆಟ್ಟಿನ ಒಳಮೈಯನ್ನು ತೆಳ್ಳಗೆ ಕೆರೆದು, ಲವಂಗದೆಣ್ಣೆಯ ವಾಸನೆಯ ಪೇಸ್ಟ್ ಸವರಿ ಬಾಯಲ್ಲಿ ಕೂರಿಸುತ್ತೇವೆ. ಉಗುಳು ನುಂಗಿ, ತುಟಿ ಚಾಚಿ ಎಂದು ಹೇಳುವುದು ಆಗಲೇ. ಹೀಗೆ ಸಿಕ್ಕಿದ ಅಳತೆಯನ್ನು ಹಿತ್ತಾಳೆಯ ಪೆಟ್ಟಿಗೆಯಲ್ಲಿ ಪ್ಲಾಸ್ಟರ್ ಸುರಿದು ಹೂಳುತ್ತೇವೆ, ಪೇಸ್ಟ್ ತೆಗೆದು ಆ ಜಾಗಕ್ಕೆ ಅಕ್ರಿಲಿಕ್ ಹಿಟ್ಟು ತುಂಬಿ ಒತ್ತುತ್ತೇವೆ, ಬಳಿಕ 74 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಸುಮಾರು ಎಂಟು ಗಂಟೆ ಇಡುತ್ತೇವೆ. ಅವಸರಪಟ್ಟು ಕುದಿಸಿದರೆ ಹಿಟ್ಟಿನಲ್ಲಿರುವ ದ್ರವ ಒಳಗೇ ಆವಿಯಾಗಿ ಗುಳ್ಳೆ ಏಳುತ್ತದೆ, ಸೆಟ್ ಟೊಳ್ಳಾಗುತ್ತದೆ. ನಡುವೆ ಕರೆಂಟು ಹೋಗಿ ನೀರು ತಣ್ಣಗಾದರೆ ಗಟ್ಟಿಯಾಗದ ದ್ರವ ಉಳಿದುಕೊಂಡು ವಸಡು ಉರಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮೂರಿನಲ್ಲಿ ಎಂಟು ಗಂಟೆ ಸತತವಾಗಿ ಕರೆಂಟು ಇರುತ್ತದೆಯೇ, ನೀವೇ ಹೇಳಿ. ಒಂದು ಮರ ತಂತಿಯ ಮೇಲೆ ಬಿದ್ದರೆ ನಾಲ್ಕು ದಿನದ ಮಾತು. ನಿಮ್ಮ ಕೆಳಗಿನ ಸೆಟ್ ಬೇಯಲು ರಾತ್ರಿಯೆಲ್ಲ ಜನರೇಟರ್ ಓಡುತ್ತದೆ, ಅದರ ಡೀಸೆಲ್ ಖರ್ಚು ಯಾರ ಬಿಲ್ಲಿನಲ್ಲೂ ಕಾಣುವುದಿಲ್ಲ.

ಕಾಣದ ಖರ್ಚು ಇನ್ನೂ ಇದೆ. ಹಲ್ಲು, ಅಕ್ರಿಲಿಕ್ ಪುಡಿ, ಮೇಣ, ಗಟ್ಟಿ ಪ್ಲಾಸ್ಟರ್ ಎಲ್ಲವೂ ಕೊರಿಯರ್‌ನಲ್ಲಿ ಬರಬೇಕು. ಪ್ಲಾಸ್ಟರ್ ತೇವ ಎಳೆದುಕೊಂಡರೆ ಚೀಲವೇ ತಿಪ್ಪೆಗೆ, ಇಲ್ಲಿಯ ಹವೆಯಲ್ಲಿ ಎಷ್ಟು ಚೀಲ ಹಾಗೆ ಹೋಗಿದೆಯೋ. ಕೆಲಸ ಕಲಿತ ಹುಡುಗರು ಬೆಂಗಳೂರಿಗೆ ಹೊರಡುತ್ತಾರೆ. ಅವರನ್ನು ಉಳಿಸಿಕೊಳ್ಳಲು ಅಲ್ಲಿಯ ಸಂಬಳವನ್ನೇ ಇಲ್ಲಿಯೂ ಕೊಡಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮದ ಪ್ರಕಾರ ಹತ್ತಿ, ಸೂಜಿಗಳನ್ನು ಬೇರೆ ಬೇರೆ ಬಣ್ಣದ ಚೀಲ, ಡಬ್ಬಿಗಳಲ್ಲಿ ಹಾಕಿ ಒಯ್ಯಿಸಬೇಕು, ಅದಕ್ಕೂ ಶುಲ್ಕ. ಇವುಗಳಲ್ಲಿ ಯಾವುದೂ ನಾವು ಹೆಚ್ಚಿಸಿದ್ದಲ್ಲ. “ಕಾಫಿಗೆ ರೇಟ್ ಬಂದಿದೆ, ಅದಕ್ಕೇ ಇವರೂ ಕೈ ಚಾಚಿದ್ದಾರೆ” ಎಂದವರಿದ್ದಾರೆ. ಆ ಮಾತು ಮನಸ್ಸಿಗೆ ನಾಟಿತು. ನಮ್ಮ ಕುರ್ಚಿಯಲ್ಲಿ ಕೂರುವವರಲ್ಲಿ ತೋಟದ ಮಾಲೀಕರಿಗಿಂತ ಲೈನ್‌ಮನೆಯ ತೋಟದ ಕೂಲಿಯವರು, ಪಿಂಚಣಿಯ ಸೈನಿಕರು, ಸಂತೆಯಲ್ಲಿ ಸೊಪ್ಪು ಮಾರುವವರು ಹೆಚ್ಚು. ಕಾಫಿಯ ರೇಟ್ ಅವರ ಜೇಬಿಗೂ ಬಂದಿಲ್ಲ, ನಮ್ಮ ಗಲ್ಲಾಪೆಟ್ಟಿಗೆಗೂ ಬಂದಿಲ್ಲ.

ಹಾಗಾದರೆ ಮೊದಲಿನಂತೆ ಸುಮ್ಮನೆ ನಡೆಸಿಕೊಂಡು ಹೋಗಬಹುದಿತ್ತಲ್ಲ? ಉಚಿತ ಎಂದಾಗ ಏನಾಗುತ್ತಿತ್ತು ಎಂಬುದನ್ನು ನೋಡಿಯೇ ಇದನ್ನು ನಿಲ್ಲಿಸುತ್ತಿದ್ದೇವೆ. ಬಿಟ್ಟಿ ಕೆಲಸ ಕೇಳಲು ಸಂಕೋಚಪಟ್ಟು ಬಹಳಷ್ಟು ಮಂದಿ ಬರುತ್ತಲೇ ಇರಲಿಲ್ಲ. ಸೆಟ್ಟನ್ನು ಡಬ್ಬಿಯಲ್ಲಿಟ್ಟು, ಮದುವೆ ಮನೆಗೆ ಹೊರಡುವಾಗ ಮಾತ್ರ ಹಾಕಿಕೊಂಡು ದಿನ ದೂಡುತ್ತಿದ್ದರು. ಸುಂಟಿಕೊಪ್ಪ ಕಡೆಯ ಹಿರಿಯರೊಬ್ಬರು ಹೇಳಿದ್ದು ಹೀಗೆ: “ಊಟಕ್ಕೆ ಕೂತರೆ ಮೆತ್ತಗಿನ ಅಕ್ಕಿ ಉಂಡೆ, ಕಡಂಬುಟ್ಟು ಮಾತ್ರ ತಿನ್ನುತ್ತೇನೆ. ಪಂದಿ ಕರಿಯ ರಸ ಅದ್ದಿಕೊಂಡು ಹಂದಿ ಮಾಂಸದ ತುಂಡನ್ನು ಪಕ್ಕದ ಎಲೆಗೆ ದಾಟಿಸುತ್ತೇನೆ. ಯಾರಿಗೂ ಗೊತ್ತಾಗಬಾರದಲ್ಲ.” ಬಾಯಿಗೆ ಕೈ ಅಡ್ಡ ಹಿಡಿದು ನಗುವವರು, ತ, ದ, ಸ ಸರಿಯಾಗಿ ಹೊರಡದೆಂದು ಫೋನ್ ಎತ್ತದವರು, ಮೊಮ್ಮಕ್ಕಳ ಮುಂದೆ ಉಣ್ಣಲು ನಾಚಿ ಒಬ್ಬರೇ ತಡವಾಗಿ ಉಣ್ಣುವವರು, ಇವರೆಲ್ಲ ನಮ್ಮ ಗ್ರಾಹಕರೇ. ಹಲ್ಲು ಕಟ್ಟಿಸಿಯೂ ಹಲ್ಲಿಲ್ಲದವರಂತೆ ಬದುಕುವುದೆಂದರೆ ಇದೇ. ಡಬ್ಬಿಯಲ್ಲಿರುವ ಸೆಟ್ಟಿನಿಂದ ನಿಮಗೇನು ಬಂತು, ನಮಗೇನು ಬಂತು?

ಇನ್ನು ಮುಂದೆ ಸೆಟ್ ಹಾಕಿಸಿಕೊಂಡ ಪ್ರತಿಯೊಬ್ಬರನ್ನೂ ವರ್ಷಕ್ಕೊಮ್ಮೆ ನಾವೇ ಕರೆದು ನೋಡುತ್ತೇವೆ. ಈ ತಪಾಸಣೆಗೆ ಹಣವಿಲ್ಲ. ಬಂದಾಗ ಒಂದು ಹಾಳೆ ಕೊಡುತ್ತೇವೆ, ಅದರಲ್ಲಿ 14 ಪ್ರಶ್ನೆಗಳಿವೆ: ಮಾತು ಉಚ್ಚರಿಸಲು ಕಷ್ಟವಾಯಿತೇ, ರುಚಿ ಕೆಟ್ಟಿತೇ, ಊಟ ಅರ್ಧಕ್ಕೇ ಬಿಡಬೇಕಾಯಿತೇ, ನಾಲ್ವರ ನಡುವೆ ಮುಜುಗರವಾಯಿತೇ ಎಂಬಂಥವು. “ಹಲ್ಲಿಗೆ ಬಂದರೆ ಪರೀಕ್ಷೆ ಬರೆಸುತ್ತಾರೆ” ಎಂದು ಈಗಾಗಲೇ ತಮಾಷೆ ಶುರುವಾಗಿದೆ, ಇರಲಿ. ಆಸ್ಟ್ರೇಲಿಯಾದಲ್ಲಿ 1994ರಲ್ಲಿ 49 ಪ್ರಶ್ನೆಗಳ ಪಟ್ಟಿಯಾಗಿ ತಯಾರಾಗಿ, 1997ರಲ್ಲಿ ಗ್ಯಾರಿ ಸ್ಲೇಡ್ ಅವರು 14ಕ್ಕೆ ಇಳಿಸಿದ ಈ ಹಾಳೆಯನ್ನು ಹಲವು ದೇಶಗಳಲ್ಲಿ ಬಳಸುತ್ತಾರೆ. ಕನ್ನಡಿಯಲ್ಲಿ ನೋಡಿದರೆ ವಸಡಿನ ಹುಣ್ಣು ನಮಗೆ ಕಾಣುತ್ತದೆ. ನೀವು ಅಡಿಕೆ ಬಿಟ್ಟಿದ್ದೀರೋ, ಮದುವೆಗೆ ಹೋಗುವುದನ್ನೇ ಬಿಟ್ಟಿದ್ದೀರೋ ಎಂಬುದು ನೀವು ಹೇಳದೆ ತಿಳಿಯುವುದಿಲ್ಲ. ಓದಲು ಬಾರದವರಿಗೆ ನಮ್ಮ ಸಿಬ್ಬಂದಿಯೇ ಓದಿ ಹೇಳುತ್ತಾರೆ. ಕೊಡವ ತಕ್ಕಿನಲ್ಲಿ, ಅರೆಭಾಷೆಯಲ್ಲಿ, ಮಲಯಾಳದಲ್ಲಿ ಕೇಳಿದರೂ ಆಗುತ್ತದೆ.

ಒಂದು ಮಾತು ಕಟುವಾದರೂ ಹೇಳಬೇಕು. ಸರಿಯಾಗಿ ಕೂತ ಪೂರ್ಣ ಸೆಟ್ಟಿನಲ್ಲಿಯೂ ಕಚ್ಚುವ ಬಲ ಸ್ವಂತ ಹಲ್ಲಿನ ಕಾಲು ಭಾಗದಷ್ಟೋ ಅದಕ್ಕಿಂತ ಕಡಿಮೆಯೋ ಇರುತ್ತದೆ. ರಿಲೈನಿಂಗ್ ಮಾಡಿಸಿದರೆ ಇಪ್ಪತ್ತರ ಹಲ್ಲು ಬಂತು ಎಂದುಕೊಳ್ಳಬೇಡಿ. ಕೆಳದವಡೆ ತೀರಾ ಸವೆದವರಿಗೆ ಮೂಳೆಯಲ್ಲಿ ಎರಡು ಟೈಟಾನಿಯಂ ಇಂಪ್ಲಾಂಟ್, ಅಂದರೆ ಲೋಹದ ಕೃತಕ ಬೇರು, ಕೂರಿಸಿ ಅವುಗಳ ಮೇಲೆ ಸೆಟ್ಟನ್ನು ಗುಂಡಿಯಂತೆ ಒತ್ತಿ ಹಾಕಿಕೊಳ್ಳುವ ದಾರಿ ಇದೆ. 2002ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು, ಹಲ್ಲಿಲ್ಲದ ಕೆಳದವಡೆಗೆ ಇದನ್ನೇ ಮೊದಲ ಆಯ್ಕೆಯಾಗಿ ಹೇಳಿದರು. ಖರ್ಚು ಹೆಚ್ಚು, ಮೂಳೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕು, ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು. ನಾವು ಇದನ್ನು ಮಾಡುವುದಿಲ್ಲ. ಮಾಡಿಸಿಕೊಳ್ಳಿ ಎಂದು ಒತ್ತಾಯಿಸುವುದೂ ಇಲ್ಲ. ಕೇಳಿದರೆ ಎಲ್ಲಿ ಹೋಗಬೇಕೆಂದು ಹೇಳುತ್ತೇವೆ.

ಹಳೆಯ ಗ್ರಾಹಕರಿಗೆ: ಅಕ್ಟೋಬರ್ 1ಕ್ಕೆ ಮುಂಚೆ ನಮ್ಮಲ್ಲಿ ಸೆಟ್ ಮಾಡಿಸಿ, ಇದುವರೆಗೆ ಒಮ್ಮೆಯೂ ರಿಲೈನಿಂಗ್ ಮಾಡಿಸದವರಿಗೆ ಮಾರ್ಚ್ 31ರೊಳಗೆ ಒಂದು ಸಲ ಉಚಿತವಾಗಿ ಮಾಡಿಕೊಡುತ್ತೇವೆ. ರಸೀದಿ ಬೇಕಿಲ್ಲ, ನಮ್ಮ ಕೈಯ ಕೆಲಸ ನಮಗೆ ಗುರುತು ಸಿಗುತ್ತದೆ. ಕಾಫಿ ಕೊಯ್ಲಿನ ಕೂಲಿ ಕೈಗೆ ಬಂದ ಮೇಲೆ ಕೊಡುತ್ತೇವೆ ಎನ್ನುವವರು ಹಾಗೆಯೇ ಕೊಡಿ, ಇದು ಹೊಸ ವಿಷಯವೇನಲ್ಲ. ಬಿಪಿಎಲ್ ಕಾರ್ಡ್ ಇರುವ ಹಿರಿಯರಿಗೆ ಉಚಿತವಾಗಿ ದಂತಪಂಕ್ತಿ ಕೊಡಲೆಂದೇ ಸರಕಾರ ದಂತಭಾಗ್ಯ ಯೋಜನೆ ತಂದಿದೆ. ನಮ್ಮಲ್ಲಿ ಹಣ ಕಟ್ಟುವ ಮೊದಲು ಸರಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ಒಮ್ಮೆ ವಿಚಾರಿಸಿ. ಗಿರಾಕಿಯನ್ನು ನಾವೇ ಆಚೆ ಕಳುಹಿಸುತ್ತೇವೆಯೇ ಎಂದು ನಗಬೇಡಿ, ಎಷ್ಟೋ ಮಂದಿಯನ್ನು ಕಳುಹಿಸಿದ್ದೇವೆ.

ಕೊಡವರ ಹಾಕಿ ಹಬ್ಬದಲ್ಲಿ ಮುಂದಿನ ಹಲ್ಲು ಕಳೆದುಕೊಂಡು ಬ್ರಿಡ್ಜ್, ಅಂದರೆ ಅಕ್ಕಪಕ್ಕದ ಹಲ್ಲಿಗೆ ಬಿಗಿದ ಕೃತಕ ಹಲ್ಲು, ಹಾಕಿಸಿಕೊಂಡ ಹುಡುಗರಿಗೆ ಈ ಬದಲಾವಣೆ ಅನ್ವಯಿಸುವುದಿಲ್ಲ. ಅವರಿಗೆ ಹೇಳುವುದು ಒಂದೇ, ಮುಂದಿನ ಸಲ ಮೌತ್‌ಗಾರ್ಡ್ ಹಾಕಿಕೊಂಡು ಆಡಿ.

ಸುಗ್ಗಿ ಹಬ್ಬ ಪುತ್ತರಿಗೆ ಮುಂಚಿನ ವಾರಗಳಲ್ಲಿ ನೂಕುನುಗ್ಗಲು ಇರುತ್ತದೆ, ಆದ್ದರಿಂದ ಅಕ್ಟೋಬರ್‌ನಲ್ಲೇ ಬನ್ನಿ. ಮೊಬೈಲ್ ಸಿಗ್ನಲ್ ಇಲ್ಲವೆಂದು ಕಾಯಬೇಡಿ, ನೇರವಾಗಿ ಬಂದರೂ ನೋಡುತ್ತೇವೆ. ಸೆಟ್ಟನ್ನು ಬೆಳಿಗ್ಗೆ ಕೊಟ್ಟರೆ ಮರುದಿನ ಸಂಜೆ ಸಿಗುತ್ತದೆ. ದೂರದವರು ಅದಕ್ಕೆ ತಕ್ಕಂತೆ ಉಳಿದುಕೊಳ್ಳುವ ವ್ಯವಸ್ಥೆ ಮಾಡಿಕೊಂಡು ಬನ್ನಿ. ಸಡಿಲವಾಯಿತೆಂದು ಅಂಗಡಿಯ ಗೋಂದು ಹಚ್ಚುವುದು, ಚಾಕುವಿನಿಂದ ಕೆರೆಯುವುದು, ಕುದಿಯುವ ನೀರಿನಲ್ಲಿ ತೊಳೆಯುವುದು ಬೇಡ. ಬಿಸಿಗೆ ಸೊಟ್ಟಗಾದ ಸೆಟ್ಟಿಗೆ ಯಾವ ಪದರವೂ ಕೂರುವುದಿಲ್ಲ. ತರುವಾಗ ತಣ್ಣೀರಿನ ಡಬ್ಬಿಯಲ್ಲಿ ತನ್ನಿ. ಕಾಗದದಲ್ಲಿ ಸುತ್ತಿ ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ಅದರ ಮೇಲೆಯೇ ಕೂತವರಿದ್ದಾರೆ.

ನಿಮ್ಮ ವಿಶ್ವಾಸಿಗಳು,
ದಂತವೈದ್ಯರು ಮತ್ತು ಲ್ಯಾಬ್ ಸಿಬ್ಬಂದಿ
ಗೋಣಿಕೊಪ್ಪ