ಹತ್ತಿಸಿದಿರಿ ಸರಿ, ಇಳಿಸೋದು ಯಾರು?

ಮಾನ್ಯರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಕಾಲೇಜು ಫೆಸ್ಟ್ ಒಂದರ ಫೋಟೊ ಬಂದಿತ್ತು. ಹುಡುಗನೊಬ್ಬ ಎರಡೂ ಅಂಗೈ ಮೇಲೆ ಹುಡುಗಿಯನ್ನು ನಿಲ್ಲಿಸಿಕೊಂಡಿದ್ದಾನೆ. ಅವಳ ಪಾದ ಅವನ ಭುಜದ ಮಟ್ಟಕ್ಕಿದೆ. ಇಬ್ಬರಿಗೂ ಮುಖದ ತುಂಬ ನಗು. ಕೆಳಗೆ 'ಚಿಯರ್‌ಲೀಡಿಂಗ್ ಸ್ಟಂಟ್' ಅಂತ ಬರೆದಿದ್ದೀರಿ. ಚೆಂದದ ಫೋಟೊ. ಆದರೆ ನನ್ನ ಕಣ್ಣು ಮೊದಲು ಹೋಗಿದ್ದು ಅವಳ ಹಿಂದಕ್ಕೆ. ಅಲ್ಲಿ ಯಾರೂ ಇಲ್ಲ. ಕಾಂಕ್ರೀಟ್ ವೇದಿಕೆ, ಅದರ ಮೇಲೊಂದು ತೆಳ್ಳನೆ ಕಾರ್ಪೆಟ್, ಪಕ್ಕದಲ್ಲಿ ಸ್ಪೀಕರ್ ಬಾಕ್ಸ್.

ನಾನು 30 ವರ್ಷ ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವನು. ಚಿಯರ್‌ಲೀಡಿಂಗ್ ಬಗ್ಗೆ ಈ ಮುದುಕನಿಗೇನು ಗೊತ್ತು ಅಂತ ಕೇಳಬಹುದು. ಹೋದ ವರ್ಷದವರೆಗೂ ಏನೂ ಗೊತ್ತಿರಲಿಲ್ಲ. 2008ರಲ್ಲಿ ಐಪಿಎಲ್ ಶುರುವಾದಾಗ ಚಿನ್ನಸ್ವಾಮಿ ಸ್ಟೇಡಿಯಂನಲ್ಲಿ ಬೌಂಡರಿ ಬಿದ್ದಾಗೆಲ್ಲ ಕುಣಿಯುತ್ತಿದ್ದರಲ್ಲ, ಅಷ್ಟೇ ಅಂದುಕೊಂಡಿದ್ದೆ. ಆಮೇಲೆ ಮಗಳ ಮನೆಗೆ ಅಂತ ಅಮೆರಿಕದ ಡಲ್ಲಾಸ್‌ಗೆ ಹೋಗಿ 5 ತಿಂಗಳು ಇದ್ದೆ. 14 ವರ್ಷದ ಮೊಮ್ಮಗಳು ಚಿಯರ್ ತಂಡದಲ್ಲಿದ್ದಾಳೆ. ಅವಳದು ಮೇಲೆ ನಿಲ್ಲುವ ಕೆಲಸ. ಅವರ ಭಾಷೆಯಲ್ಲಿ ಫ್ಲೈಯರ್. ಕೆಳಗೆ ನಿಂತು ಹೊರುವವರು ಬೇಸ್. "ಕುಣಿಯೋದಕ್ಕೆ ವಾರಕ್ಕೆ ಮೂರು ದಿನ ಪ್ರಾಕ್ಟೀಸಾ?" ಅಂದೆ. "ತಾತ, ಸುಮ್ನೆ ಒಂದು ಸಲ ಬಂದು ನೋಡು" ಅಂದಳು.

ಹೋದೆ. ಅದು ಕುಣಿತ ಅಲ್ಲ. ಎರಡೂವರೆ ನಿಮಿಷದೊಳಗೆ ಲಾಗ, ಪಿರಮಿಡ್, ಸ್ಟಂಟ್ ಎಲ್ಲ ಮುಗಿಸಬೇಕು. ದೊಡ್ಡ ಸ್ಪರ್ಧೆಗಳಲ್ಲಿ 54 ಅಡಿ ಉದ್ದ, 42 ಅಡಿ ಅಗಲದ ನೆಲ. ಅದರ ಅಡಿಯಲ್ಲಿ ಸ್ಪ್ರಿಂಗ್. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯೇ 2021ರಲ್ಲಿ ಈ ಆಟದ ಅಂತರರಾಷ್ಟ್ರೀಯ ಒಕ್ಕೂಟಕ್ಕೆ ಪೂರ್ಣ ಮಾನ್ಯತೆ ಕೊಟ್ಟಿದೆ.

ನನಗೆ ಆಶ್ಚರ್ಯ ಆಗಿದ್ದು ಬೇರೆ. ಹೊಸದಾಗಿ ಸೇರಿದ ಮಕ್ಕಳು ಅರ್ಧ ಗಂಟೆಯಾದರೂ ಮೇಲೆ ಹತ್ತಲೇ ಇಲ್ಲ. ಬರೀ ಇಳಿಯುವುದನ್ನೇ ಕಲಿಯುತ್ತಿದ್ದರು! ಸೊಂಟದೆತ್ತರಕ್ಕೆ ಎತ್ತೋದು, ಇಳಿಸೋದು. ಮತ್ತೆ ಎತ್ತೋದು, ಮತ್ತೆ ಇಳಿಸೋದು.

ಇಳಿಯೋದರಲ್ಲೂ ಬಗೆಗಳಿವೆ. ಎಲ್ಲಕ್ಕಿಂತ ಸುಲಭದ್ದು, ಬೇಸ್ ಕೈ ಬಿಡದೆ ನಿಧಾನಕ್ಕೆ ಕೆಳಗೆ ತರುವುದು, ಮೇಲಿನವಳು ಒಂದೊಂದೇ ಕಾಲು ಇಟ್ಟು ಇಳಿಯುವುದು. ಎರಡನೆಯದು ಪಾಪ್ ಡೌನ್. ಬೇಸ್ ಮಂಡಿ ಮಡಿಸಿ ಸ್ವಲ್ಪ ಕುಸಿದು, ಅವಳ ಪಾದಗಳನ್ನು ಮೇಲಕ್ಕೆ ಚಿಮ್ಮಿಸುತ್ತಾನೆ. ಅವಳು ನೆಟ್ಟಗೆ ಕೆಳಗೆ ಬರುತ್ತಾಳೆ. ನೆಲ ಮುಟ್ಟುವ ಮೊದಲೇ ಅವನು ಅವಳ ಸೊಂಟ ಹಿಡಿದು ವೇಗ ಕಡಿಮೆ ಮಾಡಬೇಕು. ಅವಳು ಎರಡೂ ಕಾಲ ಮೇಲೆ, ಮಂಡಿ ಸಡಿಲ ಬಿಟ್ಟು ಇಳಿಯಬೇಕು. ಬಿಂದಿಗೆ ಇಳಿಸುವಾಗ ಕೊನೇ ಗೇಣಿನಲ್ಲಿ ನಾವು ಕೈ ನಿಧಾನ ಮಾಡುವುದಿಲ್ಲವೇ, ಹಾಗೆ.

ಮೂರನೆಯದು ಕ್ರೇಡಲ್, ಅಂದರೆ ನಮ್ಮ ತೊಟ್ಟಿಲು. ಅವಳನ್ನು ಮೇಲಕ್ಕೆ ಚಿಮ್ಮಿಸಿ, ಮಲಗಿಸಿಕೊಂಡ ಹಾಗೆ ತೋಳಲ್ಲಿ ಹಿಡಿಯುವುದು. ಬೇಸ್‌ನ ಒಂದು ಕೈ ಬೆನ್ನಿಗೆ, ಇನ್ನೊಂದು ತೊಡೆಗೆ. ನೋಡೋಕೆ ಇದೇ ಜಾಸ್ತಿ ಚೆಂದ, ಜಾಸ್ತಿ ಅಪಾಯದ್ದೂ ಇದೇ. ಯಾಕಂದರೆ ತಲೆ ಮತ್ತು ಕತ್ತು ಹಿಂದಕ್ಕೆ ಬರುತ್ತವೆ. ಒಬ್ಬನೇ ಬೇಸ್ ಇದ್ದರೆ ತೊಟ್ಟಿಲಿಗೆ ಇನ್ನೊಬ್ಬರು ಬೇಕೇ ಬೇಕು ಅಂತ ಅಲ್ಲಿ ನಿಯಮವೇ ಇದೆ. ಅವರ ಒಂದು ಕೈಯಾದರೂ ಅವಳ ಸೊಂಟದಿಂದ ಭುಜದವರೆಗಿನ ಭಾಗಕ್ಕೆ ಆಸರೆಯಾಗಬೇಕು. ತಿರುಗಿಕೊಂಡು ತೊಟ್ಟಿಲಿಗೆ ಬೀಳುವುದೂ ಇದೆ, ಅದರ ಗೊಡವೆ ನಮಗೆ ಬೇಡ.

ಆ ಇನ್ನೊಬ್ಬರೇ ಸ್ಪಾಟರ್. ಅವರನ್ನು ಗಮನವಿಟ್ಟು ನೋಡಿದೆ, ಯಾಕಂದರೆ ಚಪ್ಪಾಳೆ ಹೊಡೆಯುವಾಗ ಅವರನ್ನು ಯಾರೂ ನೋಡುವುದಿಲ್ಲ. ಹಿಂದೆ ಒಂದು ಹೆಜ್ಜೆ ದೂರದೊಳಗೆ ನಿಂತಿರುತ್ತಾರೆ. ಕೈ ಎರಡೂ ಮೇಲೆ. ಕಣ್ಣು ಮೇಲಿನವಳ ಸೊಂಟದ ಮೇಲೆ. ಅವಳ ಮುಖ ನಗುತ್ತಿರಬಹುದು, ಅವಳು ಕೈ ಬೀಸುತ್ತಿರಬಹುದು, ಆದರೆ ಸೊಂಟ ಎತ್ತ ವಾಲಿತೋ ಮೈಯೆಲ್ಲ ಅತ್ತಲೇ. ಬಿದ್ದಳು ಅಂದರೆ ನೆಲದ ಹತ್ತಿರ ಹಿಡಿಯೋದಲ್ಲ, ಕೈ ಚಾಚಿ ಎತ್ತರದಲ್ಲೇ ತಬ್ಬಿಕೊಂಡು, ಅವಳ ಜತೆ ತಾವೂ ಕುಸಿಯುತ್ತಾರೆ. ಯಾರಿಗೆ ಅನುಮಾನ ಬಂದರೂ "ಡೌನ್" ಅಂತ ಕೂಗಬಹುದು. ಕೂಗಿದರೆ ಮುಗೀತು, ಇಳಿಸಲೇಬೇಕು. ಮೇಲಿನವಳು ಹೆದರಿ ತಾನಾಗಿ ಹಾರುವ ಹಾಗಿಲ್ಲ. ಮೈ ಬಿಗಿ ಹಿಡಿದು ನಿಲ್ಲಬೇಕು. ಮೊಣಕೈ ಬೀಸಿದರೆ ಬೇಸ್‌ನ ಮೂಗು ಹೋಗುತ್ತೆ ಅಂತ ಮೊಮ್ಮಗಳು ನಗುತ್ತಲೇ ಹೇಳಿದಳು. ಒಬ್ಬಳ ಮೂಗು ಹೋಗಿತ್ತಂತೆ.

ಇಷ್ಟೆಲ್ಲ ಮಾಡಿದರೂ ಬೀಳುತ್ತಾರೆ. 2006ರ ಮಾರ್ಚ್‌ನಲ್ಲಿ ಸೇಂಟ್ ಲೂಯಿಸ್‌ನಲ್ಲಿ ಸದರ್ನ್ ಇಲಿನಾಯ್ ವಿಶ್ವವಿದ್ಯಾಲಯದ ಹುಡುಗಿಯೊಬ್ಬಳು ಬಾಸ್ಕೆಟ್‌ಬಾಲ್ ಪಂದ್ಯದ ನಡುವೆ ಪಿರಮಿಡ್‌ನಿಂದ ಬಿದ್ದಳು. ಕತ್ತಿನ ಮೂಳೆ ಬಿರುಕು ಬಿಟ್ಟಿತ್ತು. ಸ್ಟ್ರೆಚರ್ ಮೇಲೆ ಮಲಗಿಕೊಂಡೇ ತಂಡದ ಹಾಡಿಗೆ ಕೈ ಆಡಿಸಿದಳು ಅಂತ ಎಲ್ಲರೂ ಹೊಗಳಿದರು. ನನಗೆ ಅದು ಹೊಗಳುವ ವಿಷಯ ಅನ್ನಿಸಲಿಲ್ಲ.

ಅನ್ನಿಸದಿರೋಕೆ ಕಾರಣ ಇದೆ. 1994ರಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ನಾನೇ ಮೂರು ಅಂತಸ್ತಿನ ಪಿರಮಿಡ್ ಕಟ್ಟಿಸಿದ್ದೆ. ಕೆಳಗೆ 5 ಜನ, ನಡುವೆ 3, ತುದಿಯಲ್ಲಿ ಏಳನೇ ಕ್ಲಾಸಿನ ಒಬ್ಬ ಸಣ್ಣ ಹುಡುಗ, ಕೈಯಲ್ಲಿ ಬಾವುಟ. ಒಂದು ತಿಂಗಳು ಹತ್ತೋದನ್ನು ಕಲಿಸಿದ್ದೆ. ಇಳಿಯೋದಕ್ಕೆ ಒಂದು ಸೀಟಿ, ಅಷ್ಟೇ. ಅವತ್ತು ಚಪ್ಪಾಳೆ ಬಿತ್ತು. ನಾನು ಮುಖ್ಯ ಅತಿಥಿಗಳ ಕಡೆ ತಿರುಗಿಕೊಂಡೇ ಸೀಟಿ ಊದಿದೆ. ತುದಿಯವನು ಇಳಿಯುವ ಮೊದಲೇ ಕೆಳಗಿನ ಸಾಲಿನಲ್ಲೊಬ್ಬ ಜಾರಿಕೊಂಡ. ಹುಡುಗ ಬಾವುಟ ಬಿಡಲಿಲ್ಲ, ಇನ್ನೊಂದು ಕೈ ಊರಿದ. ಆ ಮೊಣಕೈ ಇವತ್ತಿಗೂ ಪೂರ್ತಿ ನೀಳ ಆಗುವುದಿಲ್ಲ. ಈಗ ಬಸ್ ಸ್ಟ್ಯಾಂಡ್ ಹತ್ತಿರ ಮೊಬೈಲ್ ಅಂಗಡಿ ಇಟ್ಟಿದ್ದಾನೆ. ನಾನು ಹೋದರೆ ರೀಚಾರ್ಜ್ ದುಡ್ಡು ಇಸಕೊಳ್ಳೋಲ್ಲ. ನಾನು ಆ ಅಂಗಡಿಗೆ ಹೋಗುವುದನ್ನೇ ಬಿಟ್ಟಿದ್ದೇನೆ.

ಫೆಸ್ಟ್ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಕೃಷ್ಣಾಷ್ಟಮಿಯ ಮೊಸರು ಕುಡಿಕೆಗೆ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತುವ ನಾಡು ನಮ್ಮದು. ಹುಡುಗರು ಹತ್ತುತ್ತಾರೆ, ಹತ್ತಲಿ. ಆದರೆ ಈಗ ಮೊಬೈಲಿನಲ್ಲಿ ವಿಡಿಯೊ ನೋಡಿ ಕಲಿಯುತ್ತಾರೆ, ಅಲ್ವಾ? ಆ ತುಣುಕುಗಳಲ್ಲಿ ಸ್ಟಂಟ್ ನಿಂತ ಕ್ಷಣಕ್ಕೆ ವಿಡಿಯೊ ಮುಗಿದಿರುತ್ತೆ. ಇಳಿಸಿದ್ದು ಹೇಗೆ ಅಂತ ಕಾಣುವುದೇ ಇಲ್ಲ. ಹಾಗಾಗಿ ವೇದಿಕೆ ಕೊಡುವ ಮೊದಲು ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ತಂಡವನ್ನು ಕರೆದು, "ಎಲ್ಲಿ, ಇಳಿದು ತೋರಿಸಿ" ಅಂತ ಕೇಳಲಿ. ಹಿಂದೆ ನಿಲ್ಲುವವರು ಯಾರು ಅಂತ ಹೆಸರು ಬರೆಸಿಕೊಳ್ಳಲಿ. ಅವರೂ ಅದೇ ಜೋಡಿಯ ಜತೆ ಪ್ರಾಕ್ಟೀಸ್ ಮಾಡಿದವರೇ ಆಗಿರಲಿ, ಅವತ್ತು ಬೆಳಿಗ್ಗೆ ಕರೆದು ನಿಲ್ಲಿಸಿದ ಗೆಳೆಯ ಬೇಡ. ಮ್ಯಾಟ್ ಹಾಸಿ, ಒಳ್ಳೆಯದೇ. ಆದರೆ ಮ್ಯಾಟ್ ಇದೆ ಅಂತ ಆ ಮನುಷ್ಯನನ್ನು ಬಿಡಬೇಡಿ. ಕಬಡ್ಡಿಗೆ ಹಾಸುವ ಮ್ಯಾಟ್ ಮಂಡಿ ತರಚುವುದನ್ನು ತಪ್ಪಿಸುತ್ತೆ, ಆರಡಿ ಮೇಲಿಂದ ಹಿಮ್ಮುಖವಾಗಿ ಬಂದ ತಲೆಯನ್ನಲ್ಲ.

ನಿಮಗೂ ಒಂದು ವಿನಂತಿ. ಮುಂದಿನ ಸಲ ಇಂಥ ಫೋಟೊ ಹಾಕುವಾಗ ಹಿಂದೆ ಸ್ಪಾಟರ್ ನಿಂತಿದ್ದರೆ, ಜಾಗ ಸಾಲದು ಅಂತ ಅವರನ್ನು ಕತ್ತರಿಸಬೇಡಿ.

— ಒಬ್ಬ ನಿವೃತ್ತ ಡ್ರಿಲ್ ಮೇಷ್ಟ್ರು, ತಿಪಟೂರು